ಪಹಣಿಗಿಂತ ಮೊದಲು ಜಮೀನು

ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದ ಶಾಸಕರೊಬ್ಬರ ಬಳಿ ನಾನು ಐದು ವರ್ಷ ಆಪ್ತ ಸಹಾಯಕನಾಗಿದ್ದೆ. ಅವರು ಎರಡು ಎಕರೆ ಅಡಿಕೆ ತೋಟ ಮತ್ತು ಸ್ವಲ್ಪ ಗದ್ದೆಯ ರೈತರು. ಗ್ರಾಮ ಪಂಚಾಯಿತಿ, ಸಹಕಾರ ಸಂಘ, ಜಿಲ್ಲಾ ಪಂಚಾಯಿತಿಗಳನ್ನು ದಾಟಿ ವಿಧಾನಸಭೆಗೆ ಬಂದವರು. ಆ ಐದು ವರ್ಷಗಳಲ್ಲಿ ನಾನು ಕಲಿತ ಕೆಲಸದ ಬಹುಪಾಲು ಅವರ ರೈತನ ಕಣ್ಣಿನಿಂದ ಬಂದದ್ದು.

ಅವರ ಮನೆಯ ಚರಿತ್ರೆ ಸಾಗರದ ಕಡೆಯ ನೂರಾರು ಮನೆಗಳ ಚರಿತ್ರೆಯೂ ಹೌದು. ಅಜ್ಜ ಗೇಣಿ ಮಾಡುತ್ತಿದ್ದವರು. ಗೇಣಿ ಅಳೆಯುವ ಕೊಳಗ ಒಡೆಯರ ಮನೆಯಲ್ಲಿ ಹೇಗೆ ದೊಡ್ಡದಾಗುತ್ತಿತ್ತು ಎಂಬ ಕಥೆಯನ್ನು ಕೇಳಿಯೇ ಶಾಸಕರು ಬೆಳೆದರು. ಆ ಅಳತೆಯ ಅನ್ಯಾಯದಿಂದಲೇ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಹುಟ್ಟಿತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು ಮರುವರ್ಷವೇ ಶಾಸನಸಭೆಗೆ ಆಯ್ಕೆಯಾದರು. ಆದರೂ ಶಾಸಕರ ಮನೆಗೆ ಭೂಮಿಯ ಹಕ್ಕು ಬಂದದ್ದು 1974ರ ಭೂಸುಧಾರಣಾ ತಿದ್ದುಪಡಿಯ ನಂತರ. ಅವರ ತಂದೆ ಗೇಣಿದಾರರು ಭೂಮಿಯ ಹಕ್ಕು ಕೋರುವ ಅರ್ಜಿಯಾದ ನಮೂನೆ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತಾಗ, ಕಾಗದಗಳ ಚೀಲ ಹಿಡಿದು ಪಕ್ಕದಲ್ಲಿದ್ದ ಹುಡುಗ ಇವರೇ. ಒಂದು ಕಾಗದ ಸರಿಯಿಲ್ಲದಿದ್ದರೆ ಮನುಷ್ಯನ ಮುಖ ಹೇಗಾಗುತ್ತದೆ ಎಂಬುದನ್ನು ಅವರು ಆ ವಯಸ್ಸಿನಲ್ಲೇ ಕಂಡಿದ್ದರು.

ನನ್ನ ತಪ್ಪು ನಡೆದದ್ದು ಮೊದಲ ವರ್ಷದಲ್ಲಿ. ವಯಸ್ಸಾದ ತಾಯಿಯೊಬ್ಬರು ಬಗರ್‌ಹುಕುಂ, ಅಂದರೆ ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನನ್ನು ಸಕ್ರಮಗೊಳಿಸಲು ಕೋರುವ ಅರ್ಜಿಯ ನಮೂನೆ 57ರ ಸ್ವೀಕೃತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿ ತಂದಿದ್ದರು. ಬಗರ್‌ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಆದ್ದರಿಂದ ಕೆಲಸ ಸಲೀಸು ಎಂದುಕೊಂಡು ನಾನು ತಹಶೀಲ್ದಾರರಿಗೆ ಒಂದು ಶಿಫಾರಸು ಪತ್ರ ಟೈಪು ಮಾಡಿ, ಇತರ ಪತ್ರಗಳ ನಡುವೆ ಇಟ್ಟು ಸಹಿ ಮಾಡಿಸಿದೆ. "ಆಗ್ತದೆ ಅಮ್ಮ, ಹೋಗಿ ಬನ್ನಿ" ಎಂದು ಹೇಳಿ ಕಳಿಸಿದೆ. ಆ ಮಾತನ್ನು ನಂಬಿ ಅವರು ಆರು ತಿಂಗಳು ತಾಲ್ಲೂಕು ಕಚೇರಿಗೆ ಅಲೆದರು. ಅಡಿಕೆ ಸುಲಿತದ ಕಾಲದಲ್ಲಿ ಒಂದು ದಿನ ಬಸ್ಸು ಹತ್ತಿದರೆ ಒಂದು ದಿನದ ಕೂಲಿ ಹೋದಂತೆ ಎಂಬ ಲೆಕ್ಕ ನನಗೆ ಆಗ ಹೊಳೆಯಲೇ ಇಲ್ಲ. ಕೊನೆಗೆ ತಿಳಿದುಬಂದದ್ದೇನೆಂದರೆ, ಅವರ ಸರ್ವೆ ನಂಬರು ಮೀಸಲು ಅರಣ್ಯ ಮಾಡುವ ಉದ್ದೇಶ ಸಾರುವ, ಅರಣ್ಯ ಕಾಯ್ದೆಯ ಸೆಕ್ಷನ್ 4ರ ಅಧಿಸೂಚನೆಗೆ ಸೇರಿತ್ತು. ಬಗರ್‌ಹುಕುಂ ಸಮಿತಿ ಅದನ್ನು ಮುಟ್ಟುವಂತಿರಲಿಲ್ಲ.

ಶಾಸಕರು ಬೈಯಲಿಲ್ಲ. "ಜಮೀನು ನೋಡಿದ್ಯಾ ಮಾರಾಯ?" ಎಂದಷ್ಟೇ ಕೇಳಿದರು. ಮರುದಿನ ಬೆಳಿಗ್ಗೆ ಇಬ್ಬರೂ ಹೊರಟೆವು. ಕಾರು ನಿಂತ ಮೇಲೆ ಹಳ್ಳಕ್ಕೆ ಹಾಕಿದ್ದ ಅಡಿಕೆ ಮರದ ಸಂಕ ದಾಟಿ ನಡೆಯಬೇಕಾಯಿತು. ಶಾಸಕರು ಮೊದಲು ಹೋದದ್ದು ಮನೆಗಲ್ಲ, ತೋಟಕ್ಕೆ. ಒಂದು ಹಳೆಯ ಮರಕ್ಕೆ ಕೈಯಿಟ್ಟು ಹಾಳೆ ಕಳಚಿದ ಉಂಗುರಗಳನ್ನು ನೋಡಿ, ಅದರ ವಯಸ್ಸು ನಲವತ್ತು ವರ್ಷ ದಾಟಿದೆ ಎಂದು ಅಂದಾಜು ಮಾಡಿದರು. ನಂತರ ಬಸಿಗಾಲುವೆಯ ಅಂಚಿನ ಕಲ್ಲುಕಟ್ಟಣೆ ನೋಡಿದರು, ಬಾವಿಯೊಳಗೆ ಇಣುಕಿದರು, ಇದೆಲ್ಲ ಯಾರ ಕಾಲದ್ದು ಎಂದು ತಾಯಿಯನ್ನು ವಿಚಾರಿಸಿದರು. "ನಮ್ಮ ಮಾವನ ಅಪ್ಪನ ಕಾಲದ್ದು ಗೌಡ್ರೆ" ಎಂದರು ಅವರು. ಸಾಗುವಳಿದಾರರ ಮತ್ತು ಬೆಳೆಯ ವಿವರ ಬರೆಯುವ ಪಹಣಿಯ 12ನೇ ಕಲಂನಲ್ಲಿ ಈ ಯಾವುದೂ ಇರಲಿಲ್ಲ.

ದಾರಿ ಅಲ್ಲಿಂದಲೇ ತೆರೆಯಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ನಮ್ಮ ಕಡೆ ಹೆಚ್ಚಿನ ಅರ್ಜಿಗಳು ಮುಗ್ಗರಿಸುವುದು ಇಲ್ಲೇ, ಏಕೆಂದರೆ ಅಷ್ಟು ಹಿಂದಿನ ದಾಖಲೆ ಬಡವರ ಮನೆಯಲ್ಲಿ ಉಳಿದಿರುವುದಿಲ್ಲ. ಆದರೆ ಆ ಕಾಯ್ದೆಯ ನಿಯಮಗಳು ಊರಿನ ಹಿರಿಯರ ಲಿಖಿತ ಹೇಳಿಕೆಯನ್ನೂ, ಮನೆ, ಏರಿ, ಸಮತಟ್ಟು ಮಾಡಿದ ನೆಲದಂತಹ ಕುರುಹುಗಳನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಇದನ್ನು ನಾನು ಕಚೇರಿಯಲ್ಲಿ ಓದಿದ್ದೆ, ಆದರೆ ಆ ಕಲ್ಲುಕಟ್ಟಣೆಯ ಎದುರು ನಿಲ್ಲುವವರೆಗೆ ಅರ್ಥವಾಗಿರಲಿಲ್ಲ. ಅರ್ಜಿ ಮೊದಲು ಗ್ರಾಮದ ಅರಣ್ಯ ಹಕ್ಕು ಸಮಿತಿಗೆ, ಅಲ್ಲಿಂದ ಗ್ರಾಮಸಭೆಗೆ, ನಂತರ ಉಪವಿಭಾಗ ಮಟ್ಟದ ಸಮಿತಿಗೆ, ಕೊನೆಗೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬೇಕು. "ಇಲ್ಲಿ ನನ್ನ ಸಹಿಗೆ ಬೆಲೆ ಇಲ್ಲ, ಗ್ರಾಮಸಭೆಯ ನಡಾವಳಿಗೆ ಬೆಲೆ" ಎಂದರು ಶಾಸಕರು. ತಮ್ಮ ಅಧಿಕಾರ ಎಲ್ಲಿ ಮುಗಿಯುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಜನಪ್ರತಿನಿಧಿಗಳು ಕಡಿಮೆ. ಅವರ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಆ ಮಾತಿನಿಂದ.

ಸದನಕ್ಕೆ ಪ್ರಶ್ನೆ ಬರೆಯುವುದನ್ನೂ ಅವರು ಹೀಗೆಯೇ ಕಲಿಸಿದರು. ಶರಾವತಿ ಮುಳುಗಡೆ ಸಂತ್ರಸ್ತರ ಬಗ್ಗೆ ನಾನು ಸಿದ್ಧಪಡಿಸಿದ ಪ್ರಶ್ನೆಯ (ಅ) ಭಾಗದಲ್ಲಿ "ಸಂತ್ರಸ್ತರಿಗೆ ಇನ್ನೂ ಹಕ್ಕುಪತ್ರ ದೊರೆಯದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದಿತ್ತು. ಇದಕ್ಕೆ "ಬಂದಿದೆ" ಎಂಬ ಒಂದೇ ಪದದ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು ಎಂದು ಅವರು ಅದನ್ನು ಹೊಡೆದುಹಾಕಿದರು. 1964ರ ಲಿಂಗನಮಕ್ಕಿ ಅಣೆಕಟ್ಟೆಗೆ ಮನೆ ಕಳೆದುಕೊಂಡವರಲ್ಲಿ ಎಷ್ಟು ಕುಟುಂಬಗಳಿಗೆ ಯಾವ ಸರ್ವೆ ನಂಬರಿನಲ್ಲಿ ಭೂಮಿ ತೋರಿಸಲಾಗಿತ್ತು, ಅವುಗಳಲ್ಲಿ ಎಷ್ಟು ಪಹಣಿಗೆ ಏರಿವೆ, ಉಳಿದವು ಯಾವ ಕಚೇರಿಯಲ್ಲಿ ಎಷ್ಟು ಕಾಲದಿಂದ ನಿಂತಿವೆ ಎಂದು ಬರೆಯಲು ಹೇಳಿದರು. ಮಂತ್ರಿಗಳು ಅನುಬಂಧ ಲಗತ್ತಿಸಿ ಉತ್ತರಿಸಲೇಬೇಕಾಯಿತು. ಆ ಅನುಬಂಧದ ಪುಟಗಳೇ ಮುಂದೆ ಊರಿನ ಜನರ ಕೈಯಲ್ಲಿ ದಾಖಲೆಗಳಾದವು.

ಆ ತಾಯಿಯ ಅರ್ಜಿಗೆ ಇಬ್ಬರು ಹಿರಿಯರ ಹೇಳಿಕೆಯನ್ನು ನಾನೇ ಕೂತು ಬರೆದುಕೊಂಡೆ. ಒಬ್ಬರಿಗೆ ಕಿವಿ ಕೇಳುತ್ತಿರಲಿಲ್ಲ. ಪ್ರತಿ ವಾಕ್ಯವನ್ನೂ ಅವರ ಮೊಮ್ಮಗಳು ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಅವರು ಹೆಬ್ಬೆಟ್ಟು ಒತ್ತಿದರು. ಗ್ರಾಮಸಭೆ ಅದನ್ನು ಒಪ್ಪಿ ನಡಾವಳಿ ಬರೆಯಿತು. ನಾನು ಆ ಕೆಲಸ ಬಿಡುವಾಗ ಕಡತ ಉಪವಿಭಾಗ ಮಟ್ಟದ ಸಮಿತಿಯಲ್ಲಿತ್ತು. ನನ್ನ ಜಾಗಕ್ಕೆ ಬಂದ ಹುಡುಗನಿಗೆ ಕಡತದ ಸಂಖ್ಯೆ ಬರೆದುಕೊಟ್ಟು, ಸಂಕ ದಾಟಿ ಹೋಗುವ ದಾರಿಯನ್ನೂ ತೋರಿಸಿ ಬಂದೆ.