ಹಳೆಯ ಕೋರ್ಸ್‌ಗೆ ಕಷ್ಟ ಎಲ್ಲಿಂದ ತರಬೇಕು?

ಹಳೆಯ, ಹೆಸರಾಂತ ಗಾಲ್ಫ್ ಕೋರ್ಸ್ ಒಂದಕ್ಕೆ ದೊಡ್ಡ ಟೂರ್ನಿ ಬರುತ್ತದೆ ಅಂದ ಕೂಡಲೇ ಸುದ್ದಿಯಾಗುವುದು ಯಾರ್ಡ್‌ಗಳ ಲೆಕ್ಕ. ಇಷ್ಟು ಟೀಗಳನ್ನು, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗಗಳನ್ನು, ಹಿಂದಕ್ಕೆ ಸರಿಸಿದ್ದಾರೆ, ಒಟ್ಟು ಉದ್ದ ಇಷ್ಟಕ್ಕೆ ಏರಿದೆ, ಇನ್ನು ಟೂರ್ ಆಟಗಾರರ ಬೆವರಿಳಿಯುವುದು ಗ್ಯಾರಂಟಿ ಅಂತ. ನನ್ನ ಕೆಲಸ ಗ್ರೀನ್‌ಗಳನ್ನು, ಅಂದರೆ ಗುಳಿಯ ಸುತ್ತ ನುಣುಪಾಗಿ ಕತ್ತರಿಸಿದ ಹುಲ್ಲಿನ ಜಾಗಗಳನ್ನು, ಅಳೆಯುವುದು. ವಿನ್ಯಾಸಕಾರರು ಕೋರ್ಸ್‌ಗೆ ಕೈ ಹಾಕುವ ಮೊದಲು ಒಂದೊಂದು ಗ್ರೀನಿನ ಏರುತಗ್ಗುಗಳನ್ನು ಅಳೆದು ನಕ್ಷೆ ಮಾಡಿಕೊಡುತ್ತೇನೆ. ಅದಕ್ಕೇ ಇರಬೇಕು, ಟೀ ಎಷ್ಟು ಹಿಂದಕ್ಕೆ ಹೋಯಿತು ಅನ್ನುವುದಕ್ಕಿಂತ ಗ್ರೀನಿನ ಅಂಚು ಎಲ್ಲಿಗೆ ಬಂತು ಅನ್ನುವುದೇ ನನಗೆ ದೊಡ್ಡ ಸುದ್ದಿ. ಇವತ್ತಿನ ಆಟಗಾರರನ್ನು ಪರೀಕ್ಷಿಸಲು ಬೇಕಾದ ಕಷ್ಟ ಆ ಹಳೆಯ ನೆಲದಲ್ಲೇ ಹೂತುಹೋಗಿರುತ್ತದೆ, ಅದನ್ನು ಅಗೆದು ತೆಗೆಯಬೇಕು ಅಷ್ಟೇ ಅಂತ ನಾನು ನಂಬಿದ್ದೇನೆ.

ಉದ್ದದ ಮಾತನ್ನೇ ಮೊದಲು ತೆಗೆದುಕೊಳ್ಳಿ. 1997ರ ಮಾಸ್ಟರ್ಸ್‌ನಲ್ಲಿ ಟೈಗರ್ ವುಡ್ಸ್ ಪಾರ್‌ಗಿಂತ, ಅಂದರೆ ನಿಗದಿಯಾದ ಹೊಡೆತಗಳಿಗಿಂತ, 18 ಕಡಿಮೆ ಹೊಡೆದು 12 ಹೊಡೆತಗಳ ಅಂತರದಲ್ಲಿ ಗೆದ್ದ ಮೇಲೆ ಆ ಟೂರ್ನಿ ನಡೆಯುವ ಆಗಸ್ಟಾ ನ್ಯಾಷನಲ್ ಕ್ಲಬ್ ಸುಮ್ಮನೆ ಕೂರಲಿಲ್ಲ. 2002ರ ಹೊತ್ತಿಗೆ ಒಂಬತ್ತು ಹೋಲ್‌ಗಳು ಹಿಗ್ಗಿ, ಕೋರ್ಸ್ 6,985 ಯಾರ್ಡ್‌ನಿಂದ 7,270ಕ್ಕೆ ಏರಿತು. ಆ ವರ್ಷ ಗೆದ್ದವರು ಯಾರು? ವುಡ್ಸ್. 2006ಕ್ಕೆ ಅದು 7,445 ಯಾರ್ಡ್ ಆಯಿತು. ಮರುವರ್ಷ, ಅಂದರೆ 2007ರಲ್ಲಿ, ಗೆದ್ದದ್ದು ಜ್ಯಾಕ್ ಜಾನ್ಸನ್. ಟೂರ್‌ನ ಲೆಕ್ಕದಲ್ಲಿ ದೂರ ಹೊಡೆಯದವರು. ನಾಲ್ಕು ದಿನವೂ ಒಂದೇ ಒಂದು ಪಾರ್ 5ರಲ್ಲೂ (ಐದು ಹೊಡೆತ ನಿಗದಿಯಾದ ಉದ್ದದ ಹೋಲ್) ಎರಡನೇ ಹೊಡೆತಕ್ಕೆ ಗ್ರೀನಿಗೆ ಗುರಿ ಇಡದೆ, ಹಿಂದೆಯೇ ನಿಲ್ಲಿಸಿ, ಹತ್ತಿರದ ಎತ್ತರದ ಹೊಡೆತಕ್ಕಿರುವ ವೆಜ್ ಕ್ಲಬ್ ಹಿಡಿದು ಆಡಿ ಪಾರ್‌ಗಿಂತ 1 ಹೆಚ್ಚು ಹೊಡೆದು ಗೆದ್ದರು. ಹೆಚ್ಚುಕಡಿಮೆ ಅಷ್ಟೇ ಉದ್ದದ ಅದೇ ಕೋರ್ಸ್‌ನಲ್ಲಿ 2020ರ ನವೆಂಬರ್‌ನಲ್ಲಿ ಡಸ್ಟಿನ್ ಜಾನ್ಸನ್ ಪಾರ್‌ಗಿಂತ 20 ಕಡಿಮೆ ಹೊಡೆದರು. ಯಾರ್ಡ್‌ಗಳು ಈ 21 ಹೊಡೆತಗಳ ವ್ಯತ್ಯಾಸವನ್ನು ವಿವರಿಸುವುದಿಲ್ಲ. 2007ರಲ್ಲಿ ಚಳಿ, ಗಾಳಿ, ಗಟ್ಟಿ ನೆಲ. 2020ರ ನವೆಂಬರ್‌ನಲ್ಲಿ ನೆಲ ಮೆತ್ತಗಿತ್ತು, ಚೆಂಡು ಬಿದ್ದಲ್ಲೇ ಕೂರುತ್ತಿತ್ತು.

ಉದ್ದ ಪೂರ್ತಿ ದಂಡ ಅಂತ ನಾನು ಹೇಳುವುದಿಲ್ಲ. ಆಗಸ್ಟಾದ 13ನೇ ಹೋಲ್‌ನ ಟೀಯನ್ನು 2023ರಲ್ಲಿ 35 ಯಾರ್ಡ್ ಹಿಂದಕ್ಕೆ ಒಯ್ದು 545 ಮಾಡಿದ್ದು ನನಗೆ ಸರಿ ಕಾಣುತ್ತದೆ. ಎಡಕ್ಕೆ ತಿರುಗುವ ಫೇರ್‌ವೇ (ಟೀಯಿಂದ ಗ್ರೀನಿನ ಕಡೆಗೆ ಹೋಗುವ ಕತ್ತರಿಸಿದ ಹುಲ್ಲಿನ ದಾರಿ), ಗ್ರೀನಿನ ಮುಂದೆ ಹರಿಯುವ ತೊರೆ, ಕಾಲಿಗಿಂತ ಚೆಂಡು ಎತ್ತರಕ್ಕೆ ಬರುವ ಇಳಿಜಾರು. ಇಷ್ಟೆಲ್ಲ ಇದ್ದೂ ಆಟಗಾರರು ಮೂಲೆಯ ಮರಗಳ ಮೇಲಿಂದಲೇ ಹಾರಿಸಿ ಸಣ್ಣ ದೂರದ ಐರನ್ ಕ್ಲಬ್ ಹಿಡಿದು ಗ್ರೀನಿಗೆ ಹೊಡೆಯುತ್ತಿದ್ದರು. ಎರಡನೇ ಹೊಡೆತಕ್ಕೇ ಗ್ರೀನಿಗೆ ಹೋಗಬೇಕೋ ಬಿಡಬೇಕೋ ಅನ್ನುವ ಗೊಂದಲವೇ ಆ ಹೋಲ್‌ನ ಜೀವ. ಟೀ ಹಿಂದೆ ಹೋದದ್ದರಿಂದ ಆ ಗೊಂದಲ ಮತ್ತೆ ಬಂತು. ಉದ್ದ ಕೂಡಿಸಿದರೆ ಹೀಗೆ, ಕಳೆದುಹೋದ ಒಂದು ನಿರ್ಧಾರ ವಾಪಸ್ ಬರುವಂತೆ ಕೂಡಿಸಬೇಕು. ಇದಕ್ಕೂ ಪಕ್ಕದ ಕ್ಲಬ್‌ನಿಂದ ಜಾಗ ಕೊಂಡುಕೊಳ್ಳಬೇಕಾಯಿತು ಅನ್ನುವುದು ಬೇರೆ ಮಾತು. ಅಷ್ಟು ಹಣ ಎಷ್ಟು ಕ್ಲಬ್‌ಗಳ ಬಳಿ ಇದೆ?

ಇನ್ನೊಂದು ಔಷಧ, ಫೇರ್‌ವೇ ಕಿರಿದು ಮಾಡಿ ಪಕ್ಕದ ಹುಲ್ಲನ್ನು, ಅಂದರೆ ರಫ್ ಅನ್ನು, ಬೆಳೆಸುವುದು. ಕೇಳಲು ನ್ಯಾಯ ಅನ್ನಿಸುತ್ತದೆ: ನೇರ ಹೊಡೆದವನಿಗೆ ಲಾಭ, ತಪ್ಪಿದವನಿಗೆ ಶಿಕ್ಷೆ. 2020ರಲ್ಲಿ ವಿಂಗ್ಡ್ ಫುಟ್ ಕೋರ್ಸ್‌ನಲ್ಲಿ ನಡೆದ ಯು.ಎಸ್. ಓಪನ್‌ನಲ್ಲಿ ಇದು ತಲೆಕೆಳಗಾಯಿತು. ಬ್ರೈಸನ್ ಡಿಶಾಂಬೊ ನಾಲ್ಕು ದಿನದ 56 ಫೇರ್‌ವೇಗಳಲ್ಲಿ ಹಿಡಿದದ್ದು 23. ಆದರೂ ಪಾರ್‌ಗಿಂತ 6 ಕಡಿಮೆ ಹೊಡೆದು ಆರು ಹೊಡೆತಗಳಿಂದ ಗೆದ್ದರು. ಪಾರ್‌ಗಿಂತ ಕೆಳಗೆ ಮುಗಿಸಿದ್ದು ಅವರೊಬ್ಬರೇ. ಲೆಕ್ಕ ಸರಳ. ಫೇರ್‌ವೇ ಎಷ್ಟು ಕಿರಿದಾದರೆ ಅಷ್ಟು ಎಲ್ಲರೂ ತಪ್ಪುತ್ತಾರೆ. ಎಲ್ಲರೂ ರಫ್‌ನಲ್ಲೇ ನಿಂತಿರುವಾಗ, ಗ್ರೀನಿಗೆ 170 ಯಾರ್ಡ್ ಉಳಿದವನಿಗಿಂತ 130 ಉಳಿದವನು ವೆಜ್ ಹಿಡಿದು ದಪ್ಪ ಹುಲ್ಲಿನಿಂದಲೂ ಚೆಂಡು ಕಿತ್ತು ಹಾಕುತ್ತಾನೆ. ದೂರ ಹೊಡೆಯುವವರನ್ನು ಕಟ್ಟಿಹಾಕಲು ಮಾಡಿದ ಏರ್ಪಾಟು ಅವರಿಗೇ ಅನುಕೂಲವಾಯಿತು.

ಈಗ ನನ್ನ ಗ್ರೀನ್‌ಗಳಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು.

ಗ್ರೀನ್ ಕುಗ್ಗುತ್ತದೆ. ಯಾರೂ ಬೇಕಂತ ಕುಗ್ಗಿಸುವುದಿಲ್ಲ. ಬೆಳಿಗ್ಗೆ ಹುಲ್ಲು ಕತ್ತರಿಸುವವರು ಅಂಚಿನ ಎತ್ತರದ ಹುಲ್ಲನ್ನು ಬೋಳು ಮಾಡಬಾರದು ಅಂತ ಯಂತ್ರವನ್ನು ಬೆರಳಗಲ ಒಳಗೆ ಹಿಡಿಯುತ್ತಾರೆ. ತಿರುಗಿಸುವಾಗ ಮೂಲೆ ಬಿಟ್ಟು ದುಂಡಗೆ ತಿರುಗಿಸುತ್ತಾರೆ. ಬೆರಳಗಲ ಬೆರಳಗಲವೇ ಹತ್ತಾರು ವರ್ಷ ಕೂಡಿದರೆ ಬಂಕರ್‌ನ (ಮರಳಿನ ಗುಂಡಿಯ) ಬಾಯಿಯವರೆಗೆ ಚಾಚಿದ್ದ ಗ್ರೀನ್ ಅಲ್ಲಿಂದ ಆರೇಳು ಹೆಜ್ಜೆ ಹಿಂದೆ ಸರಿದಿರುತ್ತದೆ. ಚೌಕಾಕಾರವಾಗಿದ್ದದ್ದು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಕಳೆದುಹೋಗುವುದು ಮೂಲೆಗಳೇ, ಮತ್ತು ಮೂಲ ವಿನ್ಯಾಸಕಾರ ಅತಿ ಕಠಿಣ ಪಿನ್‌ಗಳನ್ನು, ಅಂದರೆ ಬಾವುಟ ನೆಟ್ಟ ಗುಳಿಗಳನ್ನು, ಇಟ್ಟುಕೊಂಡಿದ್ದೂ ಆ ಮೂಲೆಗಳಲ್ಲೇ.

ಹಳೆಯ ಅಂಚನ್ನು ಹುಡುಕುವ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಕೈಯಲ್ಲಿ ಮಣ್ಣಿನ ಮಾದರಿ ತೆಗೆಯುವ ಉಕ್ಕಿನ ಕೊಳವೆ. ಈಗಿನ ಗ್ರೀನಿನ ಅಂಚಿನಲ್ಲಿ ನಿಂತು ಅದನ್ನು ಕಾಲಿನಿಂದ ಒತ್ತಿ, ಹಿಡಿ ತಿರುಗಿಸಿ ಎಳೆಯುತ್ತೇನೆ. ಹೊರಬರುವ ಮಣ್ಣಿನ ಕಡ್ಡಿಯಲ್ಲಿ ಮೇಲೆ ಬೇರಿನ ಕಂದು ಮೆತ್ತೆ, ಅದರ ಕೆಳಗೆ ಮರಳಿನ ಪದರಗಳು, ಒಂದು ತೆಳು ಬಿಳಿ, ಒಂದು ಕಪ್ಪು, ಮತ್ತೆ ಬಿಳಿ. ಗ್ರೀನಿನ ಮೇಲೆ ವರ್ಷವರ್ಷ ಚೆಲ್ಲಿದ ಮರಳು ಅದು. ಒಂದಡಿ ಹೊರಗೆ ಹೋಗಿ ಮತ್ತೆ ಒತ್ತಿದರೆ ಅಲ್ಲೂ ಮರಳು. ಇನ್ನೊಂದಡಿ, ಇನ್ನೂ ಮರಳು. ಮೇಲೆ ನೋಡಿದರೆ ಮೊಣಕಾಲೆತ್ತರದ ರಫ್, ಕೆಳಗೆ ಮಾತ್ರ ಗ್ರೀನ್. ಹೀಗೆ ಹೋಗುತ್ತಾ ಒಂದು ಕಡೆ ಕೊಳವೆ ತಟ್ಟನೆ ಬಿಗಿಯುತ್ತದೆ, ಜಿಗುಟು ಕೆಂಪು ಮಣ್ಣು ಬರುತ್ತದೆ, ಪದರವೇ ಇರುವುದಿಲ್ಲ. ಅಲ್ಲಿ ಬಾವುಟ ನೆಡುತ್ತೇನೆ. ಸುತ್ತಲೂ ಬಾವುಟಗಳಾದ ಮೇಲೆ ದೂರ ನಿಂತು ನೋಡಿದರೆ ಹಳೆಯ ಗ್ರೀನ್ ಎದುರಿಗೇ ಮಲಗಿರುತ್ತದೆ. ಹಳೆಯ ವೈಮಾನಿಕ ಫೋಟೊ ಸಿಕ್ಕಿದರೆ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡುತ್ತೇವೆ. ಹೊಂದಿಕೆಯಾದಾಗ ಆಗುವ ಸಂತೋಷ ಇಷ್ಟು ವರ್ಷವಾದರೂ ಕಡಿಮೆಯಾಗಿಲ್ಲ.

ಆ ಮೂಲೆಗಳು ವಾಪಸ್ ಬಂದರೆ ಪ್ರೊ ಆಟಗಾರನಿಗೆ ಏನಾಗುತ್ತದೆ? ಬಂಕರ್‌ನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಪಿನ್ ಇಟ್ಟರೆ, ಫೇರ್‌ವೇಯ ಒಂದು ಮಗ್ಗುಲಿನಿಂದ ದಾರಿ ತೆರೆದಿರುತ್ತದೆ, ಇನ್ನೊಂದು ಮಗ್ಗುಲಿನಿಂದ ಮುಚ್ಚಿರುತ್ತದೆ. ಫೇರ್‌ವೇ ಅಗಲವಾಗಿರಬೇಕು ಅನ್ನುವುದು ಇದಕ್ಕೇ, ಆರಿಸಿಕೊಳ್ಳಲು ಎರಡು ಮಗ್ಗುಲು ಇರಬೇಕಲ್ಲ. ಅಂಕಿಅಂಶ ನೋಡುವವರು ಇದಕ್ಕೆ ಒಪ್ಪುವುದಿಲ್ಲ. ಟೂರ್ ಆಟಗಾರರಿಗೆ ಕೋನ ಲೆಕ್ಕಕ್ಕೇ ಇಲ್ಲ, ಸ್ಪಿನ್ ಹಾಕಿ ಎಲ್ಲಿಂದ ಬೇಕಾದರೂ ನಿಲ್ಲಿಸುತ್ತಾರೆ ಅನ್ನುತ್ತಾರೆ. ಮೆತ್ತನೆಯ ಗ್ರೀನಿನ ಮಟ್ಟಿಗೆ ಅವರ ಮಾತು ನಿಜ. ನೆಲ ಗಟ್ಟಿಯಾಗಿದ್ದು ಚೆಂಡು ಬಿದ್ದ ಮೇಲೆ ಎರಡು ಸಲ ಪುಟಿದು ಉರುಳುವ ಹಾಗಿದ್ದರೆ ಮಾತ್ರ ಮಗ್ಗುಲಿಗೆ ಬೆಲೆ. ಹಾಗಾಗಿ ನೀರು ಬಸಿಯುವ ಪೈಪು, ಗಾಳಿ ಬೆಳಕಿಗೆ ಅಡ್ಡವಾದ ಮರ, ಹುಲ್ಲಿನ ಬುಡದ ಮೆತ್ತೆ, ಯಾವ ಫೋಟೊದಲ್ಲೂ ಕಾಣದ ಇವುಗಳ ಮೇಲೆ ಖರ್ಚು ಮಾಡಿದ ಹಣ ಹೊಸ ಟೀಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಅಮೆರಿಕದ ಓಕ್‌ಮಾಂಟ್ ಕ್ಲಬ್ ಇದನ್ನು ಮಾಡಿ ತೋರಿಸಿದೆ. 1903ರಲ್ಲಿ ಬಯಲಿನಂತೆ ಶುರುವಾದ ಆ ಕೋರ್ಸ್‌ನಲ್ಲಿ ಮಧ್ಯೆ ಯಾವಾಗಲೋ ಮರ ನೆಡುವ ಹುಮ್ಮಸ್ಸು ಬಂದು ಕಾಡಾಗಿತ್ತು. 1990ರ ದಶಕದಲ್ಲಿ ಸದಸ್ಯರಿಗೆ ಗೊತ್ತಾಗದಂತೆ ಬೆಳಗಿನ ಕತ್ತಲಲ್ಲಿ ಮರ ಕಡಿಯಲು ಶುರು ಮಾಡಿ, ಕೊನೆಗೆ ಸಾವಿರಾರು ಮರ ತೆಗೆದರು. ಮರ ಹೋದರೆ ಕೋರ್ಸ್ ಸುಲಭವಾಗುತ್ತದೆ ಅಂತ ಹೆದರಿದವರಿದ್ದರು. 2007ರ ಯು.ಎಸ್. ಓಪನ್ ಅಲ್ಲಿ ನಡೆದಾಗ ಆಂಜೆಲ್ ಕಬ್ರೆರಾ ಗೆದ್ದದ್ದು ಪಾರ್‌ಗಿಂತ 5 ಹೆಚ್ಚು ಹೊಡೆದು. ವಿನ್ಯಾಸಕಾರ ಗಿಲ್ ಹಾನ್ಸ್ 2023ರಲ್ಲಿ ಅಲ್ಲಿನ ಕೆಲಸ ಮುಗಿಸಿದ ಮೇಲೆ 2025ರ ಓಪನ್‌ನಲ್ಲಿ ಗೆದ್ದ ಜೆ.ಜೆ. ಸ್ಪಾನ್ ಪಾರ್‌ಗಿಂತ 1 ಕಡಿಮೆ, ಉಳಿದವರೆಲ್ಲ ಪಾರ್ ಅಥವಾ ಅದಕ್ಕಿಂತ ಮೇಲೆ. ಅಲ್ಲಿ ರಫ್ ಕೂಡ ಭಯಂಕರವೇ, ಒಪ್ಪುತ್ತೇನೆ. ಆದರೆ ಹಿಂದಕ್ಕೆ ಇಳಿಜಾರಾಗಿರುವ ಅಲ್ಲಿನ ಗ್ರೀನ್‌ಗಳಿಲ್ಲದೆ ಬರೀ ರಫ್ ಅಷ್ಟು ಮಾಡುತ್ತಿರಲಿಲ್ಲ.

ವೇಗದ ವಿಷಯದಲ್ಲಿ ಮಾತ್ರ ನನಗೆ ಸಿಟ್ಟಿದೆ. ಗ್ರೀನಿನ ವೇಗ ಅಳೆಯುವ ಸ್ಟಿಂಪ್‌ಮೀಟರ್ ಹುಟ್ಟಿದ್ದೂ ಓಕ್‌ಮಾಂಟ್‌ನಿಂದಲೇ. 1935ರ ಓಪನ್ ನೋಡಲು ಹೋಗಿದ್ದ ಎಡ್ವರ್ಡ್ ಸ್ಟಿಂಪ್ಸನ್ ಮನಸ್ಸಿಗೆ ಬಂದ ಉಪಾಯ ಅದು. ಓರೆಯಾಗಿ ಎತ್ತಿದ ಪಟ್ಟಿಯ ಮೇಲಿಂದ ಜಾರಿದ ಚೆಂಡು ಸಮತಟ್ಟಾದ ಜಾಗದಲ್ಲಿ ಎಷ್ಟು ಅಡಿ ಉರುಳುತ್ತದೆ ಅನ್ನುವುದೇ ಅಳತೆ. 1970ರ ದಶಕದಲ್ಲಿ ಅಮೆರಿಕದ ಕೋರ್ಸ್‌ಗಳಲ್ಲಿ ಅಳೆದಾಗ ಸರಾಸರಿ ಸುಮಾರು ಆರೂವರೆ ಅಡಿ. ಈಗ ದೊಡ್ಡ ಟೂರ್ನಿಗಳಲ್ಲಿ 12, 13 ಮಾಮೂಲು. ನಿಧಾನದ ಗ್ರೀನ್‌ಗಳ ಕಾಲದಲ್ಲಿ ನೂರಕ್ಕೆ ನಾಲ್ಕೈದರ ಇಳಿಜಾರಿನಲ್ಲೂ ಪಿನ್ ಇಡಬಹುದಿತ್ತು. 13ರ ವೇಗದಲ್ಲಿ ನೂರಕ್ಕೆ ಮೂರು ದಾಟಿದರೆ ಚೆಂಡು ನಿಲ್ಲುವುದೇ ಕಷ್ಟ. ಆಗ ಕ್ಲಬ್ ಏನು ಮಾಡುತ್ತದೆ? ಗ್ರೀನನ್ನು ಚಪ್ಪಟೆ ಮಾಡುತ್ತದೆ. ನೂರು ವರ್ಷದ ಒಂದು ಇಳಿಜಾರನ್ನು ಎರಡಡಿ ವೇಗಕ್ಕೋಸ್ಕರ ಬುಲ್ಡೋಜರ್ ಕೆಳಗೆ ಹಾಕುವುದನ್ನು ನಾನು ಯಾವತ್ತೂ ಒಪ್ಪಲಾರೆ. ಚಪ್ಪಟೆಯೂ ಮಾಡದೆ ವೇಗವೂ ಬೇಕು ಅಂದರೆ 2004ರ ಯು.ಎಸ್. ಓಪನ್ ನಡೆದ ಶಿನಕಾಕ್ ಹಿಲ್ಸ್‌ನ ಗತಿಯಾಗುತ್ತದೆ. ಅಲ್ಲಿ ಕೊನೆಯ ದಿನ 7ನೇ ಗ್ರೀನಿನಲ್ಲಿ ಚೆಂಡು ನಿಲ್ಲದೆ, ಗುಂಪುಗಳ ನಡುವೆ ನೀರು ಹೊಡೆಯಬೇಕಾಯಿತು. ಇಳಿಜಾರು ಉಳಿಸಿ, ವೇಗ ಒಂದಡಿ ಇಳಿಸಿ. ಆಟ ಕಷ್ಟವೇ ಇರುತ್ತದೆ, ಪಿನ್ ಇಡಲು ಜಾಗವೂ ಸಿಗುತ್ತದೆ.

ಪೈನ್‌ಹರ್ಸ್ಟ್‌ನ ಎರಡನೇ ನಂಬರ್ ಕೋರ್ಸ್ ಬಗ್ಗೆ ಹೇಳದೆ ಮುಗಿಸಲಾಗದು. ವಿನ್ಯಾಸಕಾರ ಡೊನಾಲ್ಡ್ ರಾಸ್ 1907ರಿಂದ 1948ರಲ್ಲಿ ಸಾಯುವವರೆಗೆ ತಿದ್ದುತ್ತಲೇ ಇದ್ದ ಕೋರ್ಸ್ ಅದು. ಕಾಲಕ್ರಮೇಣ ಎಲ್ಲ ಕಡೆಯಂತೆ ಅಲ್ಲೂ ಗೋಡೆಯಿಂದ ಗೋಡೆಗೆ ಹಸಿರು ಹುಲ್ಲು, ಕಿರಿದು ಫೇರ್‌ವೇ. 2010–11ರಲ್ಲಿ ವಿನ್ಯಾಸಕಾರರಾದ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಸುಮಾರು 35 ಎಕರೆ ಹುಲ್ಲನ್ನು ಕಿತ್ತರು. ರಫ್ ಅನ್ನುವುದನ್ನೇ ತೆಗೆದು ಮರಳು, ಪೈನ್ ಎಲೆ, ಒರಟು ವಯರ್‌ಗ್ರಾಸ್ ಹುಲ್ಲು ವಾಪಸ್ ತಂದರು. ಅವರಿಗೆ ದಾರಿ ತೋರಿಸಿದ್ದು 1943ರ ವೈಮಾನಿಕ ಫೋಟೊಗಳು ಮತ್ತು ಫೇರ್‌ವೇಗಳ ನಟ್ಟನಡುವಿನಲ್ಲಿ ಹಾದುಹೋದ ಹಳೆಯ ನೀರಿನ ಪೈಪು. ಆ ಪೈಪಿನ ನೀರು ಎಲ್ಲಿಯವರೆಗೆ ಚಿಮ್ಮುತ್ತಿತ್ತೋ ಅಲ್ಲಿಯವರೆಗೆ ಫೇರ್‌ವೇ. ಇದನ್ನು ಮೊದಲು ಓದಿದಾಗ ಆ ಜಾಣ್ಮೆಗೆ ಮನಸ್ಸಿನಲ್ಲೇ ಕೈಮುಗಿದೆ.

ಫೇರ್‌ವೇ ಅಗಲವಾಯಿತು, ರಫ್ ಹೋಯಿತು, ಮಧ್ಯ ಉಬ್ಬಿದ ಗ್ರೀನ್‌ಗಳು ಹಾಗೇ ಉಳಿದವು. 2014ರಲ್ಲಿ ಅಲ್ಲಿ ನಡೆದ ಯು.ಎಸ್. ಓಪನ್ ಅನ್ನು ಮಾರ್ಟಿನ್ ಕೈಮರ್ ಪಾರ್‌ಗಿಂತ 9 ಕಡಿಮೆ ಹೊಡೆದು ಗೆದ್ದಾಗ, ನೋಡಿ ಸುಲಭವಾಗಿಬಿಟ್ಟಿತು ಅಂದವರಿದ್ದಾರೆ. ಕೈಮರ್ ಬಿಟ್ಟರೆ ಪಾರ್‌ಗಿಂತ ಕೆಳಗಿದ್ದವರು ಇಬ್ಬರೇ, ಅವರೂ ಒಂದೊಂದೇ ಹೊಡೆತ. ಕೈಮರ್ ಗೆದ್ದ ಬಗೆ ನೋಡಬೇಕು: ಗ್ರೀನಿನಿಂದ ಜಾರಿ ಕೆಳಗೆ ನಿಂತ ಚೆಂಡನ್ನು ಮತ್ತೆ ಮತ್ತೆ ಪಟರ್ (ಚೆಂಡನ್ನು ನೆಲದಲ್ಲೇ ಉರುಳಿಸುವ ಕ್ಲಬ್) ಹಿಡಿದೇ ಏರಿಸಿದರು. ಬೇರೆಯವರು ವೆಜ್ಜೋ ಪಟರೋ ಅಂತ ಯೋಚಿಸುತ್ತ ನಿಂತಿದ್ದರು. ದಪ್ಪ ರಫ್ ಇದ್ದಿದ್ದರೆ ಯೋಚಿಸುವುದೇ ಇರಲಿಲ್ಲ, ಎಲ್ಲರೂ ವೆಜ್ ತೆಗೆಯುತ್ತಿದ್ದರು. ಮುಂದಿನ ವಾರವೇ ಅದೇ ಗ್ರೀನ್‌ಗಳಲ್ಲಿ ಮಹಿಳೆಯರ ಓಪನ್ ನಡೆಯಿತು. ಟೀ ಮುಂದಿತ್ತು, ಅಷ್ಟೇ. ಪಾರ್‌ಗಿಂತ ಕೆಳಗೆ ಬಂದದ್ದು ಗೆದ್ದ ಮಿಶೆಲ್ ವೀ ಒಬ್ಬರೇ.

ಚೆಂಡು ಇನ್ನೂ ದೂರ ಹೋಗುತ್ತಲೇ ಇದ್ದರೆ ಇದೆಲ್ಲ ಎಷ್ಟು ದಿನ ಅಂತ ಕೇಳುವವರಿಗೆ ನನ್ನ ಉತ್ತರ: ಅದನ್ನು ಚೆಂಡಿನಲ್ಲೇ ಸರಿಮಾಡಬೇಕು. ಗಾಲ್ಫ್ ನಿಯಮ ಮಾಡುವ ಯು.ಎಸ್.ಜಿ.ಎ. ಮತ್ತು ಆರ್ ಅಂಡ್ ಎ ಸಂಸ್ಥೆಗಳು ಚೆಂಡಿನ ಪರೀಕ್ಷೆ ಬಿಗಿ ಮಾಡುವ ತೀರ್ಮಾನವನ್ನು 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದಾಗ ನನಗೆ ಸಮಾಧಾನವೇ ಆಯಿತು.

ನಾನು ಈಗ ಕಾಯುತ್ತಿರುವುದು ಓಕ್‌ಲ್ಯಾಂಡ್ ಹಿಲ್ಸ್‌ಗೆ. ರಾಸ್ ಮಾಡಿದ್ದ ಆ ಕೋರ್ಸನ್ನು 1951ರ ಓಪನ್‌ಗೆ ರಾಬರ್ಟ್ ಟ್ರೆಂಟ್ ಜೋನ್ಸ್ ಬದಲಾಯಿಸಿದರು. ಟೀಯಿಂದ ಹೊಡೆದ ಡ್ರೈವ್ ಬಂದು ಬೀಳುವ ಜಾಗದಲ್ಲೇ ಎರಡೂ ಕಡೆ ಬಂಕರ್ ಇಟ್ಟು ಫೇರ್‌ವೇಗೆ ನಡುಪಟ್ಟಿ ಬಿಗಿದರು. ಬೆನ್ ಹೋಗನ್ ಗೆದ್ದದ್ದು ಪಾರ್‌ಗಿಂತ 7 ಹೆಚ್ಚು ಹೊಡೆದು. ಇಡೀ ಟೂರ್ನಿಯಲ್ಲಿ 70ರ ಪಾರ್ ಮುರಿದ ಸುತ್ತುಗಳು ಎರಡೇ: ಕೊನೆಯಲ್ಲಿ ಹೋಗನ್ ಹೊಡೆದ 67, ಕ್ಲೇಟನ್ ಹೆಫ್ನರ್‌ರ 69. ಪ್ರೊ ಆಟಗಾರರಿಗಾಗಿ ಹಳೆಯ ಕೋರ್ಸ್ ತಿದ್ದುವ ಫ್ಯಾಷನ್‌ಗೆ ಬಲ ಬಂದದ್ದು ಅಲ್ಲಿಂದ. ಅದೇ ಕೋರ್ಸನ್ನು ಹಾನ್ಸ್ ಮತ್ತೆ ರಾಸ್ ಕಡೆಗೆ ತಿರುಗಿಸಿ, ಗ್ರೀನ್‌ಗಳನ್ನು ಹಿಗ್ಗಿಸಿ, ಮರ ತೆಗೆದು 2021ರಲ್ಲಿ ಬಾಗಿಲು ತೆರೆದರು. 2034ಕ್ಕೆ ಯು.ಎಸ್. ಓಪನ್ ಅಲ್ಲಿಗೆ ಬರುತ್ತದೆ. ಸ್ಕೋರ್‌ಬೋರ್ಡ್ ಎಲ್ಲರೂ ನೋಡುತ್ತಾರೆ. ನಾನು ಗುರುವಾರ ಬೆಳಿಗ್ಗೆ ಪಿನ್‌ಗಳ ಹಾಳೆ ನೋಡುತ್ತೇನೆ. ಹಿಗ್ಗಿಸಿದ ಆ ಅಂಚುಗಳಲ್ಲಿ ಎಷ್ಟು ಪಿನ್ ಇಟ್ಟಿದ್ದಾರೆ, ಅದಕ್ಕೆ ಎದುರು ಮಗ್ಗುಲಿನಲ್ಲಿ ಚೆಂಡು ಬೀಳಿಸಲು ಯಾರು ದೂರ ಹೊಡೆಯುವ ಡ್ರೈವರ್ ಬಿಟ್ಟು ಸಣ್ಣ ಕ್ಲಬ್ ತೆಗೆಯುತ್ತಾರೆ ಅನ್ನುವುದು ನನಗೆ ಬೇಕು.