ನಾಲ್ಕಕ್ಕೆ ಒಳಗೆ, ಆರಕ್ಕೆ ಹೊರಗೆ

ಸಂಧಿವಾತ ಇರುವವರ ಮನೆಗೆ ಬರುವ ನೆಂಟರೆಲ್ಲ ಅರ್ಧ ವೈದ್ಯರೇ. ಒಬ್ಬರಿಗೆ ಬದನೆಕಾಯಿಯ ಮೇಲೆ ಅನುಮಾನ, ಇನ್ನೊಬ್ಬರಿಗೆ ನೆನೆಸಿದ ಮೆಂತ್ಯದ ಮೇಲೆ ಭಕ್ತಿ. ಕೊನೆಗೆ ಎಲ್ಲರದೂ ಒಂದೇ ಮಾತು: “ಪ್ರಾಣಾಯಾಮ ಮಾಡಮ್ಮ, ಮಾತ್ರೆ ತಾನಾಗಿಯೇ ಬಿಟ್ಟುಹೋಗುತ್ತದೆ.” ನನ್ನದು ರುಮಟಾಯ್ಡ್ ಆರ್ಥ್ರೈಟಿಸ್. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ. ಮೂಗು ಹಿಡಿದು ಕೂತರೆ ಅದು ಸುಮ್ಮನಾಗುವುದಿಲ್ಲ.

ಹಾಗಾಗಿ ಫಿಸಿಯೋಥೆರಪಿಸ್ಟ್ ಉಸಿರಾಟದ ಮಾತೆತ್ತಿದಾಗ ನನ್ನ ಮುಖ ಗಂಟಾಯಿತು. ಆಕೆ ವಾದಕ್ಕೆ ಇಳಿಯಲಿಲ್ಲ. ನನ್ನ ಬೆರಳನ್ನು ನನ್ನದೇ ಮಣಿಕಟ್ಟಿನ ನಾಡಿಯ ಮೇಲಿಟ್ಟು, “ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಈಗ ನೋಡಿ ಮೇಡಂ” ಎಂದರು. ಉಸಿರು ಎಳೆದುಕೊಳ್ಳುವಾಗ ಚುರುಕಾಗುತ್ತಿದ್ದ ನಾಡಿ, ಬಿಡುವಾಗ ನಿಧಾನವಾಗುತ್ತಿತ್ತು. ಮೆದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಕೆಲಸವಂತೆ. ಆಮೇಲೆ ಸ್ನಾಯುಗಳನ್ನು ಒಂದೊಂದಾಗಿ ಬಿಗಿದು ಸಡಿಲಿಸುವುದನ್ನು ಕಲಿಸಿದರು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1929ರಲ್ಲೇ ಪುಸ್ತಕವಾಗಿ ಪ್ರಕಟಿಸಿದ ವಿಧಾನ ಅದು. ಸಾಮಾನ್ಯವಾಗಿ ಮುಷ್ಟಿ ಬಿಗಿಯುವುದರಿಂದ ಶುರುವಾಗುತ್ತದೆ. ನನಗೆ ಮಾತ್ರ ಕೈಗಳಿಗೆ ರಜೆ. ಊದಿದ ಕೀಲನ್ನು ಬಿಗಿಯಬಾರದು.

ಇದೆಲ್ಲ ನಿಜವಾಗಿ ಉಪಯೋಗಕ್ಕೆ ಬಂದದ್ದು ಕಳೆದ ಆಷಾಢದ ಒಂದು ಬೆಳಗ್ಗೆ. ಏಳುವಾಗಲೇ ಬೆರಳುಗಳು ಮರಗಟ್ಟಿದ್ದವು. ಮಧ್ಯದ ಬೆರಳಿನ ಗೆಣ್ಣು ಊದಿ, ಚರ್ಮ ಮಿರಮಿರ ಹೊಳೆಯುತ್ತಿತ್ತು. ನಮ್ಮ ಯಜಮಾನರು ಊರಿನಲ್ಲಿರಲಿಲ್ಲ. ಹಾಲಿನ ಪ್ಯಾಕೆಟ್ ಕತ್ತರಿಸಲು ಹೋದರೆ ಕತ್ತರಿಯ ಕಿವಿಯೊಳಗೆ ಹೆಬ್ಬೆರಳೇ ಹೋಗಲೊಲ್ಲದು. ಹಲ್ಲಿನಿಂದ ಕಚ್ಚಿ ನೋಡಿದೆ. ಪ್ಯಾಕೆಟ್ ಜಾರಿ ಸಿಂಕಿಗೆ ಬಿತ್ತು. ಅಲ್ಲಿಂದ ಮನಸ್ಸು ಓಡಿತು: ಇವತ್ತು ಹಾಲು, ನಾಳೆ ಮಗಳ ಜಡೆ, ಇನ್ನು ಹತ್ತು ವರ್ಷಕ್ಕೆ ನನ್ನ ಸೀರೆ ಉಡಿಸುವವರು ಯಾರು? ಹೆಗಲು ಕಿವಿಯವರೆಗೆ ಏರಿತ್ತು, ದವಡೆ ಕಚ್ಚಿಕೊಂಡಿತ್ತು. ನೋವಿದ್ದದ್ದು ಬೆರಳಲ್ಲಿ, ಸೆಟೆದುಕೊಂಡದ್ದು ಇಡೀ ಮೈ.

ಅಡುಗೆಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತೆ. ನಾಲ್ಕು, ಆರು. ಮೊದಲ ಕೆಲವು ಉಸಿರು ಆರಕ್ಕೆ ಮುಟ್ಟಲೇ ಇಲ್ಲ, ಮೂರಕ್ಕೇ ಮುಗಿದುಹೋದವು. ಹೆಗಲನ್ನು ಬೇಕೆಂದೇ ಇನ್ನಷ್ಟು ಮೇಲೆತ್ತಿ ಬಿಟ್ಟೆ. ಹಣೆ ಗಂಟಿಕ್ಕಿ ಬಿಟ್ಟೆ. ತೊಡೆ, ಮೀನಖಂಡ. ನಡುವೆ ಕುಕ್ಕರ್ ಕೂಗಿತು. ಧ್ಯಾನಕ್ಕೆ ಇದಕ್ಕಿಂತ ಕೆಟ್ಟ ಜಾಗ ಇರಲಾರದು. ಆದರೂ ಉಸಿರು ಉದ್ದವಾಯಿತು, ಕತ್ತಿನ ಹಿಂದಿನ ಬಿಗಿ ಇಳಿಯಿತು. ಬೆರಳಿನ ನೋವು ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆದರೆ ಅದು ಬೆರಳಿನ ನೋವಾಗಿ ಮಾತ್ರ ಉಳಿಯಿತು, ಹತ್ತು ವರ್ಷದಾಚೆಗೆ ಹೋಗಲಿಲ್ಲ.

“ಪುಟ್ಟೀ, ಹಾಲು ಕತ್ತರಿಸಿ ಕೊಡು ಬಾ” ಎಂದು ಮಗಳನ್ನು ಎಬ್ಬಿಸಿದೆ. ಜಡೆಯ ಬದಲು ರಬ್ಬರ್ ಬ್ಯಾಂಡಿನ ಕುದುರೆ ಬಾಲ ಹಾಕಿಕೊಂಡು ಅವಳು ಶಾಲೆಗೆ ಹೋದಳು. ನಾನು ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿಕೊಂಡು ಕೂತೆ.

ಆ ವಾರವೇ ವೈದ್ಯರನ್ನು ಕಂಡೆ. ಉಸಿರಾಟ ಮುಂದುವರಿಸಿ ಎಂದು ಹೇಳಿ, ವಾರಕ್ಕೊಮ್ಮೆ ನುಂಗುವ ಮೆಥೋಟ್ರೆಕ್ಸೇಟ್ ಮಾತ್ರೆಯ ಪ್ರಮಾಣವನ್ನೂ ಹೆಚ್ಚಿಸಿದರು. ನೆಂಟರಿಗೆ ಮೊದಲರ್ಧವನ್ನಷ್ಟೇ ತಿಳಿಸಿದ್ದೇನೆ.