ಗೋಡೆಗೆ ಟಿವಿ ಇದೆಯಲ್ಲ, ಗೇಮ್‌ಗೆ ಮಾನಿಟರ್ ಯಾಕೆ?

ಪಿಯುಸಿ ಫಲಿತಾಂಶ ಬಂದ ವಾರದಿಂದ ಈ ಪ್ರಶ್ನೆ ಶುರುವಾಗುತ್ತದೆ. ಕಾರವಾರದಲ್ಲೋ ಅಂಕೋಲೆಯಲ್ಲೋ ಘಟ್ಟದ ಮೇಲೆ ಶಿರಸಿಯಲ್ಲೋ ಯಾರದಾದರೂ ಮನೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕೊಡಿಸುವ ಮಾತು ನಡೆದಿರುತ್ತದೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಕೀಬೋರ್ಡ್ ಎಲ್ಲ ಬರೆದು ಕೂಡಿಸಿದ ಮೇಲೆ ಮೊತ್ತ ಕೈ ಮೀರುತ್ತದೆ. ಆಗ ನನಗೆ ಫೋನು ಬರುತ್ತದೆ. "ಗೋಡೆಗೆ ಅಷ್ಟು ದೊಡ್ಡ ಟಿವಿ ಹಾಕಿಸಿದ್ದೇವಲ್ಲ ಮಾರಾಯ, ಅದಕ್ಕೇ ವೈರ್ ಸಿಕ್ಕಿಸಿ ಗೇಮ್ ಆಡಿದ್ರೆ ಆಗೂದಿಲ್ವಾ? ಮತ್ತೆ ಮಾನಿಟರ್‌ಗೆ ಯಾಕೆ ದುಡ್ಡು?"

ಆಗುತ್ತದೆ. ಎಚ್‌ಡಿಎಂಐ ಕೇಬಲ್ ಒಂದಿದ್ದರೆ ಚಿತ್ರ ಬಂದೇ ಬರುತ್ತದೆ. ಆದರೆ ಹೂಂ ಅನ್ನುವ ಮೊದಲು ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ: ಪರದೆಯಿಂದ ಎಷ್ಟು ದೂರ ಕೂತು ಆಡುತ್ತೀರಿ, ಕೈಯಲ್ಲಿ ಏನಿರುತ್ತದೆ, ಮೌಸೋ ಕಂಟ್ರೋಲರ್ರೋ? ಇವೆರಡರ ಉತ್ತರ ಸಿಕ್ಕರೆ ಟಿವಿಯೋ ಮಾನಿಟರೋ ಅನ್ನುವುದು ಹೆಚ್ಚುಕಮ್ಮಿ ತೀರ್ಮಾನವಾದ ಹಾಗೆ.

ಮೊದಲು ಕೈಯ ವಿಷಯ. ಮೌಸ್ ಒತ್ತಿದ ಕ್ಷಣಕ್ಕೂ ಪರದೆಯಲ್ಲಿ ಅದರ ಫಲ ಕಾಣುವ ಕ್ಷಣಕ್ಕೂ ನಡುವೆ ಒಂದು ಅಂತರ ಇರುತ್ತದೆ. ಅದರಲ್ಲಿ ಒಂದು ಪಾಲು ಕಂಪ್ಯೂಟರ್‌ನದು, ಇನ್ನೊಂದು ಪಾಲು ಪರದೆಯದು. ಇನ್‌ಪುಟ್ ಲ್ಯಾಗ್ ಅಂದರೆ ಇದೇ. ಟಿವಿಯನ್ನು ಮಾಡಿದ್ದು ಸಿನಿಮಾ, ಧಾರಾವಾಹಿ, ಕ್ರಿಕೆಟ್ ತೋರಿಸಲಿಕ್ಕೆ. ಬಂದ ಚಿತ್ರವನ್ನು ಅದು ಹಾಗೇ ತೋರಿಸುವುದಿಲ್ಲ. ಒಳಗೆ ಹಿಡಿದಿಟ್ಟು ಚಿತ್ರದ ಮೇಲಿನ ಕಾಳುಕಾಳಾದ ಚುಕ್ಕಿ ತೆಗೆಯುತ್ತದೆ, ಅಂಚು ಚೂಪು ಮಾಡುತ್ತದೆ, ಎರಡು ಚಿತ್ರಗಳ ನಡುವೆ ತಾನೇ ಮೂರನೆಯದನ್ನು ಹುಟ್ಟಿಸಿ ಚಲನೆಯನ್ನು ನುಣುಪು ಮಾಡುತ್ತದೆ. ಮೂರನೆಯದನ್ನು ಹುಟ್ಟಿಸಬೇಕಾದರೆ ಮುಂದಿನ ಚಿತ್ರ ಬರುವ ತನಕ ಕಾಯಲೇಬೇಕಲ್ಲ. ಧಾರಾವಾಹಿ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಶಬ್ದವನ್ನೂ ಅಷ್ಟೇ ತಡಮಾಡಿ ಕೊಟ್ಟರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆಡುವವರಿಗೆ ಮಾತ್ರ ಗೊತ್ತಾಗುತ್ತದೆ, ಕೈಗೂ ಕಣ್ಣಿಗೂ ತಾಳ ತಪ್ಪುತ್ತದೆ. ಯಕ್ಷಗಾನದಲ್ಲಿ ಚಂಡೆಯ ಪೆಟ್ಟು ಬಿದ್ದಮೇಲೆ ವೇಷದ ಹೆಜ್ಜೆ ಬಿದ್ದರೆ ಹೇಗೆ ಕಣ್ಣಿಗೆ ಚುಚ್ಚುತ್ತದೆಯೋ ಹಾಗೆ.

ಅಂತರ 100 ಮಿಲಿಸೆಕೆಂಡ್ ಅಂದರೆ ಸೆಕೆಂಡಿನ ಹತ್ತನೇ ಒಂದು ಪಾಲು. ಅದೆಂಥ ಲೆಕ್ಕ ಅನ್ನಿಸಬಹುದು. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಅಷ್ಟರೊಳಗೆ ನಾಲ್ಕು ಮೀಟರ್‌ಗೆ ಸ್ವಲ್ಪ ಕಡಿಮೆ ದೂರ ಬಂದಿರುತ್ತದೆ. ಪಿಚ್ಚಿನ ಉದ್ದವೇ 20.12 ಮೀಟರ್. ಅಂದರೆ ಕ್ರಿಕೆಟ್ ಗೇಮಿನಲ್ಲಿ ನೀವು ನೋಡುವ ಚೆಂಡು ಐದನೇ ಒಂದು ಪಿಚ್ಚಿನಷ್ಟು ಹಳೆಯದು. ಹುಡುಗರು "ಟೈಮಿಂಗೇ ಸಿಗ್ತಿಲ್ಲ" ಅಂತ ಬೇಜಾರು ಮಾಡಿಕೊಳ್ಳುವುದು ಸುಮ್ಮನೆ ಅಲ್ಲ.

ಇಲ್ಲಿ ಒಬ್ಬರಾದರೂ ಹಿರಿಯರು ಹೇಳುತ್ತಾರೆ: "ನಾವೂ ಸಣ್ಣವರಿದ್ದಾಗ ಟಿವಿಯಲ್ಲೇ ವಿಡಿಯೋ ಗೇಮ್ ಆಡಿದ್ದಪ್ಪ, ಎಂಥದೂ ಆಗಲಿಲ್ಲ." ಅವರು ಹೇಳುವುದು ಸತ್ಯ. ಕಪ್ಪು ಡಬ್ಬಿಗೆ ಕ್ಯಾಸೆಟ್ ತುರುಕಿ, ಹಳದಿ ಬಿಳಿ ವೈರ್ ಚುಚ್ಚಿ ನಾನೂ ಆಡಿದ್ದೇನೆ. ಆದರೆ ಆಗಿನ ದಪ್ಪ ಬೆನ್ನಿನ ಟ್ಯೂಬ್ ಟಿವಿಗೆ ಚಿತ್ರವನ್ನು ಹಿಡಿದಿಟ್ಟುಕೊಳ್ಳುವ ನೆನಪೇ ಇರಲಿಲ್ಲ. ವೈರಿನಲ್ಲಿ ಬಂದ ಗೆರೆಯನ್ನು ಬಂದ ಹಾಗೇ ಗಾಜಿನ ಮೇಲೆ ಎಳೆಯುತ್ತಿತ್ತು. ಹಿಡಿದಿಡುವ ಬುದ್ಧಿ ಟಿವಿಗೆ ಬಂದಮೇಲೇ ತಡವೂ ಬಂದದ್ದು.

ನಿಮ್ಮ ಟಿವಿ ಎಷ್ಟು ತಡ ಮಾಡುತ್ತದೆ ಅಂತ ಮನೆಯಲ್ಲೇ ಅಳೆಯಬಹುದು. ಶಿರಸಿ ಹತ್ತಿರದ ಅಜ್ಜಿ ಮನೆಯಲ್ಲಿ, ಜಗಲಿಯ ಗೋಡೆಯ 43 ಇಂಚಿನ ಟಿವಿಗೆ ನಾನು ಮಾಡಿದ್ದು ಹೀಗೆ. ಲ್ಯಾಪ್‌ಟಾಪನ್ನು ಟಿವಿಗೆ ಹಚ್ಚಿ, ಎರಡರಲ್ಲೂ ಒಂದೇ ಚಿತ್ರ ಬರುವ ಹಾಗೆ ಇಟ್ಟೆ. ಬ್ರೌಸರಿನಲ್ಲಿ ಮಿಲಿಸೆಕೆಂಡ್ ತೋರಿಸುವ ಸ್ಟಾಪ್‌ವಾಚ್ ಓಡಿಸಿದೆ. ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲೆ ಟಿವಿಯ ಪಕ್ಕದಲ್ಲೇ ಇಟ್ಟು, ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಮೊಬೈಲಿನಲ್ಲಿ ಹತ್ತು ಫೋಟೋ ತೆಗೆದೆ. ಒಂದು ಫೋಟೋದಲ್ಲಿ ಲ್ಯಾಪ್‌ಟಾಪಿನಲ್ಲಿ 14.382, ಟಿವಿಯಲ್ಲಿ 14.282. ಉಳಿದವುಗಳಲ್ಲೂ ಅಂತರ ಅಲ್ಲೇ ಆಸುಪಾಸು. ಆಮೇಲೆ ರಿಮೋಟ್ ಹಿಡಿದು ಚಿತ್ರದ ಸೆಟ್ಟಿಂಗ್‌ಗೆ ಹೋಗಿ, ಚಿತ್ರವನ್ನು ಹಿಡಿದಿಟ್ಟು ತಿದ್ದುವ ಕೆಲಸವನ್ನು ಟಿವಿಗೆ ಆದಷ್ಟು ಬಿಡಿಸುವ ಗೇಮ್ ಮೋಡ್ ಆನ್ ಮಾಡಿ ಮತ್ತೆ ಹತ್ತು ಫೋಟೋ ತೆಗೆದೆ. ಅಂತರ ಹದಿನಾರು ಹದಿನೇಳು ಮಿಲಿಸೆಕೆಂಡಿಗೆ ಇಳಿಯಿತು. ಟಿವಿ ಅದೇ, ಕೇಬಲ್ ಅದೇ, ಒಂದು ರೂಪಾಯಿ ಖರ್ಚಿಲ್ಲ. ಪಕ್ಕದಲ್ಲಿ ನಿಂತಿದ್ದ ತಮ್ಮನ ಮಗ ಕಾರ್ ರೇಸ್ ಹಚ್ಚಿ ಮೊದಲ ತಿರುವಿನಲ್ಲೇ "ಹಾಂ, ಈಗ ಸ್ಟೇರಿಂಗ್ ನಂದು" ಅಂದ. ಆ ಮಾತು ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಹಾಗಾಗಿ ಟಿವಿಯಲ್ಲಿ ಆಡುವವರೆಲ್ಲ ಮೊದಲು ಮಾಡಬೇಕಾದ್ದು ಗೇಮ್ ಮೋಡ್ ಹುಡುಕುವುದು. ಕೆಲವು ಟಿವಿಗಳಲ್ಲಿ ಇದು ಮೆನುವಿನ ಮೂರನೇ ಮನೆಯಲ್ಲಿ ಅಡಗಿರುತ್ತದೆ. ಎಚ್‌ಡಿಎಂಐ ಕಿಂಡಿಯ 2.1 ಆವೃತ್ತಿ ಇರುವ ಕೆಲವು ಟಿವಿಗಳಿಗೆ ಗೇಮ್ ಬಂತು ಅಂತ ತಾನೇ ಗೊತ್ತಾಗಿ ಮೋಡ್ ಬದಲಾಗುತ್ತದೆ. ಒಳ್ಳೆಯ ಮಾನಿಟರ್‌ಗೆ ಈ ಯಾವ ಉಪಚಾರವೂ ಬೇಡ; ಅದು ಬಂದದ್ದನ್ನು ಬಂದ ಹಾಗೆ ತೋರಿಸಲಿಕ್ಕೆಂದೇ ಇರುವುದು.

ಇನ್ನು ದೂರ. ಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ 32 ಇಂಚಿನ ಟಿವಿಗಳಲ್ಲಿ ಹೆಚ್ಚಿನವು ಎಚ್‌ಡಿ ರೆಡಿ, ಅಂದರೆ ಚಿತ್ರ ಮೂಡಿಸುವ ಚುಕ್ಕೆಗಳು 1366 ಅಡ್ಡ, 768 ಉದ್ದ. ಅದರ ಒಂದೊಂದು ಚುಕ್ಕೆ ಸುಮಾರು ಅರ್ಧ ಮಿಲಿಮೀಟರ್. 24 ಇಂಚಿನ ಫುಲ್ ಎಚ್‌ಡಿ (1920 ಅಡ್ಡ, 1080 ಉದ್ದ) ಮಾನಿಟರ್‌ನ ಚುಕ್ಕೆ ಹೆಚ್ಚುಕಮ್ಮಿ ಅದರ ಅರ್ಧ. ಆ ಟಿವಿಯನ್ನು ಆರಡಿ ದೂರದಿಂದ ನೋಡಿದರೆ ಚುಕ್ಕೆಗಳು ಕೂಡಿಕೊಂಡು ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಅದನ್ನೇ ಓದುವ ಮೇಜಿನ ಮೇಲೆ ಎರಡಡಿ ದೂರದಲ್ಲಿಟ್ಟರೆ ಕಾಣುವುದು ಸೊಳ್ಳೆಪರದೆ. ಮೊದಲು ಸೋಲುವುದು ನಮ್ಮ ಅಕ್ಷರ. ಇಂಗ್ಲಿಷಿನ ಅಕ್ಷರ ಹೇಗೋ ಬದುಕಿಕೊಳ್ಳುತ್ತದೆ. "ರಾಷ್ಟ್ರೀಯ", "ಲಕ್ಷ್ಮಿ" ಅಂತ ಸಣ್ಣ ಅಕ್ಷರದಲ್ಲಿ ಬರೆದು ನೋಡಿ, ಒತ್ತಿನ ಕೆಳಗಿನ ಒತ್ತು ಕಲಸಿ ಕಪ್ಪು ಮುದ್ದೆಯಾಗಿರುತ್ತದೆ. ಗೇಮಿಗೆ ಅಂತ ತಂದ ಕಂಪ್ಯೂಟರಿನಲ್ಲಿ ಓದು, ಪ್ರಾಜೆಕ್ಟು, ಅರ್ಜಿ ತುಂಬುವುದು ಎಲ್ಲ ನಡೆಯುವುದರಿಂದ ಇದನ್ನು ನಾನು ಸಣ್ಣ ವಿಷಯ ಅಂದುಕೊಳ್ಳುವುದಿಲ್ಲ.

ಹಾಗಾದರೆ 43 ಇಂಚಿನ 4ಕೆ ಟಿವಿಯನ್ನು ಮೇಜಿಗೆ ಇಟ್ಟರೆ? ಚುಕ್ಕೆ ಸಣ್ಣದೇ, ಅಕ್ಷರ ಸ್ವಚ್ಛ. ಆದರೆ ಅದರ ಅಗಲ 95 ಸೆಂಟಿಮೀಟರ್. ಅಷ್ಟು ಹತ್ತಿರ ಕೂತರೆ ಒಂದು ಮೂಲೆಯ ನಕ್ಷೆ ನೋಡಲು ಕುತ್ತಿಗೆಯೇ ತಿರುಗಬೇಕು. ಶೂಟಿಂಗ್ ಗೇಮಿನಲ್ಲಿ ತಿರುಗಿ ನೋಡುವಷ್ಟರಲ್ಲಿ ಆಟ ಮುಗಿದಿರುತ್ತದೆ. ಇನ್ನೊಂದು, 4ಕೆ ಅಂದರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕೆ, 83 ಲಕ್ಷದ ಹತ್ತಿರ. ಅಷ್ಟನ್ನೂ ಸೆಕೆಂಡಿಗೆ ಅರವತ್ತು ಸಲ ಬರೆಯಬೇಕಾದರೆ ಗ್ರಾಫಿಕ್ಸ್ ಕಾರ್ಡ್ ದೊಡ್ಡದು ಬೇಕು. ಪರದೆಯಲ್ಲಿ ಉಳಿಸಿದ ದುಡ್ಡು ಕಾರ್ಡಿಗೆ ಹೋಗುತ್ತದೆ. ಗೇಮನ್ನು ಮಾತ್ರ ಫುಲ್ ಎಚ್‌ಡಿಗೆ ಇಳಿಸಿ ದೂರ ಕೂತು ಆಡಬಹುದು, ಅದಕ್ಕೆ ಅಡ್ಡಿಯಿಲ್ಲ.

ಟಿವಿಗೆ ಹಚ್ಚಿದವರು ಹೇಳುವ ಎರಡು ತಾಪತ್ರಯಗಳಿಗೆ ಪರಿಹಾರ ಸುಲಭ. ಕೆಳಗಿನ ಟಾಸ್ಕ್‌ಬಾರ್ ಅರ್ಧ ಕತ್ತರಿಸಿ ಹೋದರೆ ಅದು ಓವರ್‌ಸ್ಕ್ಯಾನ್, ಅಂದರೆ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚು ಕತ್ತರಿಸುವ ಟ್ಯೂಬ್ ಟಿವಿ ಕಾಲದ ಅಭ್ಯಾಸ. ಚಿತ್ರದ ಅಳತೆಯ ಮೆನುವಿನಲ್ಲಿ ಜಸ್ಟ್ ಸ್ಕ್ಯಾನ್ ಅಥವಾ ಸ್ಕ್ರೀನ್ ಫಿಟ್ ಅಂತಿರುತ್ತದೆ, ಅದನ್ನು ಆರಿಸಿ. ಕೆಂಪು ಅಕ್ಷರದ ಅಂಚು ಕದಡಿದ ಹಾಗಿದ್ದರೆ ಟಿವಿ ನಾಲ್ಕು ಚುಕ್ಕೆಗೆ ಒಂದೇ ಬಣ್ಣ ಹಂಚುತ್ತಿದೆ ಅಂತ ಅರ್ಥ. ಹಲವು ಟಿವಿಗಳಲ್ಲಿ ಆ ಎಚ್‌ಡಿಎಂಐ ಕಿಂಡಿಯ ಹೆಸರನ್ನು ಪಿಸಿ ಅಂತ ಬದಲಿಸಿದರೆ ಸರಿಹೋಗುತ್ತದೆ.

ಹರ್ಟ್ಸ್ ಬಗ್ಗೆ ಒಂದು ಎಚ್ಚರಿಕೆ. ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಅನ್ನುವುದೇ ಹರ್ಟ್ಸ್. 60 ಹರ್ಟ್ಸ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9. ಹತ್ತು ಸಾವಿರದ ಆಸುಪಾಸಿನ ಮಾನಿಟರ್‌ಗಳಲ್ಲೇ ಈಗ 100 ಹರ್ಟ್ಸ್, ಅದಕ್ಕೂ ಮೇಲೆ ಸಿಗುತ್ತದೆ. ಆ ಬೆಲೆಯ ಟಿವಿ 60 ದಾಟುವುದಿಲ್ಲ. ಡಬ್ಬಿಯ ಮೇಲೆ ಮೋಷನ್ ರೇಟ್ 120 ಅಂತ ದೊಡ್ಡದಾಗಿ ಬರೆದಿದ್ದರೆ ನಂಬಬೇಡಿ, ಅದು ನಡುವೆ ಹುಟ್ಟಿಸಿದ ಚಿತ್ರಗಳ ಲೆಕ್ಕವಾಗಿರಬಹುದು. ರಿಫ್ರೆಶ್ ರೇಟ್ ಎಷ್ಟು ಅಂತಲೇ ಕೇಳಿ. 4ಕೆಯಲ್ಲಿ ನಿಜವಾದ 120 ಬೇಕಾದರೆ ಟಿವಿಗೂ ಗ್ರಾಫಿಕ್ಸ್ ಕಾರ್ಡಿಗೂ ಎಚ್‌ಡಿಎಂಐ 2.1 ಬೇಕು, ಹಳೆಯ 2.0 ಕಿಂಡಿ 4ಕೆಯಲ್ಲಿ 60ಕ್ಕೇ ನಿಲ್ಲುತ್ತದೆ.

ಈಗ ಹೇಳುವುದು ನಮ್ಮ ಕಡೆಯವರಿಗೇ ಮುಖ್ಯ. ನನ್ನ ಮನೆ ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವಲ್ಲಿ. ಒಂದು ಮೇ ತಿಂಗಳ ಸಂಜೆ, ಮಳೆಗೆ ಇನ್ನೂ ದಿನ ಇತ್ತು, ದಕ್ಷಿಣದಿಂದ ಗುಡುಗು ಎದ್ದಿತು. ಬೋರ್ಡಿನ ಸ್ವಿಚ್ಚುಗಳನ್ನೆಲ್ಲ ಆಫ್ ಮಾಡಿ ಧೈರ್ಯವಾಗಿ ಕೂತೆ. ತೆಂಗಿನ ತೋಟದಾಚೆ ಎಲ್ಲೋ ಸಿಡಿಲು ಬಿತ್ತು. ಮರುದಿನ ಟಿವಿಯ ಎಚ್‌ಡಿಎಂಐ ಕಿಂಡಿ ಸತ್ತಿತ್ತು. ಅದಕ್ಕೆ ಹಚ್ಚಿದ್ದ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡೂ ಚಿತ್ರ ಕೊಡಲಿಲ್ಲ. ವಿದ್ಯುತ್ತಿನ ದಾರಿ ಆಫ್ ಆಗಿತ್ತು, ಆದರೆ ಮಾಡಿನ ಮೇಲಿನ ಡಿಶ್‌ನಿಂದ ಇಳಿದ ವೈರನ್ನು ನಾನು ಮರೆತಿದ್ದೆ. ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸ್, ಬಾಕ್ಸಿನಿಂದ ಟಿವಿ, ಟಿವಿಯಿಂದ ಕಂಪ್ಯೂಟರ್, ಅಲ್ಲಿಂದ ಪ್ಲಗ್ಗಿನ ಅರ್ಥಿಂಗ್: ದಾರಿ ಪೂರ್ತಿ ತಾಮ್ರದ್ದೇ. ಸ್ವಿಚ್ ಕತ್ತರಿಸುವುದು ಒಂದು ಎಳೆಯನ್ನು ಮಾತ್ರ. ಪ್ಲಗ್ ಕೀಳದಿದ್ದರೆ ನೆಲದ ಸಂಬಂಧ ಹಾಗೇ ಉಳಿದಿರುತ್ತದೆ. ಎರಡು ವರ್ಷ ದುಡ್ಡು ಕೂಡಿಟ್ಟು ತಂದ ಕಾರ್ಡ್ ಅದು. ಆ ನೋವು ಇನ್ಯಾರಿಗೂ ಬೇಡ ಅಂತಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಟಿವಿಗೆ ಕಂಪ್ಯೂಟರ್ ಹಚ್ಚುವವರು ಏಪ್ರಿಲ್, ಮೇಯಲ್ಲಿ, ಮತ್ತೆ ಅಕ್ಟೋಬರಿನ ಹಿಂಗಾರಿನಲ್ಲಿ, ಆಟ ಮುಗಿದ ಕೂಡಲೇ ಎಚ್‌ಡಿಎಂಐ ಕೇಬಲ್ಲನ್ನೂ ಡಿಶ್ ವೈರನ್ನೂ ಪ್ಲಗ್ಗುಗಳನ್ನೂ ಕಿತ್ತಿಡಿ, ಗುಡುಗು ದೂರದಲ್ಲಿ ಕೇಳುವ ಮೊದಲೇ. ಮಾನಿಟರ್‌ಗೆ ಮಾಡಿನಿಂದ ಇಳಿಯುವ ವೈರ್ ಇರುವುದೇ ಇಲ್ಲ.

ಕರೆಂಟಿನ ಲೆಕ್ಕವೂ ಇದೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ನಮಗೆ ಹೊಸತಲ್ಲ. 24 ಇಂಚಿನ ಮಾನಿಟರ್ 25 ವ್ಯಾಟ್ ಆಸುಪಾಸು ತಿನ್ನುತ್ತದೆ, 55 ಇಂಚಿನ ಟಿವಿ ನೂರು ದಾಟುತ್ತದೆ. ಸಣ್ಣ ಯುಪಿಎಸ್‌ನ ಮೇಲೆ, ಆಟವನ್ನು ಸೇವ್ ಮಾಡಿ ಕಂಪ್ಯೂಟರ್ ಆರಿಸುವ ಆ ಕೆಲವು ನಿಮಿಷಗಳಿಗೆ ಈ ವ್ಯತ್ಯಾಸ ದೊಡ್ಡದು.

ಇಷ್ಟೆಲ್ಲ ಹೇಳಿ ಟಿವಿ ಬೇಡವೇ ಬೇಡ ಅನ್ನುತ್ತಿದ್ದೇನೆ ಅಂದುಕೊಳ್ಳಬೇಡಿ. ರಜೆಯಲ್ಲಿ ಅಜ್ಜಿ ಮನೆಯ ಜಗಲಿಯಲ್ಲಿ ಐದು ಮಕ್ಕಳು ಚಾಪೆ ಹಾಕಿ ಕೂತು, ಎರಡು ಕಂಟ್ರೋಲರ್ ಕೈಯಿಂದ ಕೈಗೆ ದಾಟಿಸುತ್ತ ಫುಟ್‌ಬಾಲ್ ಆಡುವಾಗ 24 ಇಂಚಿನ ಮಾನಿಟರ್ ಏನೇನೂ ಸಾಲದು. ಹೊರಗೆ ಮಳೆ ಸುರಿಯುವಾಗ ಸೋಫಾದಲ್ಲಿ ಕಾಲು ಮಡಚಿ ಕೂತು ನಿಧಾನದ ಕಥೆಯ ಗೇಮ್ ಆಡುವವರಿಗೂ ಟಿವಿಯೇ ಸುಖ. ಒಳ್ಳೆಯ ಟಿವಿಯ ಕಪ್ಪು ಎಷ್ಟು ಕಪ್ಪು ಅಂದರೆ, ಎಚ್‌ಡಿಆರ್ (ಬೆಳಕು ಕತ್ತಲೆಯ ಅಂತರವನ್ನು ಹೆಚ್ಚು ತೋರಿಸುವ ವಿಧಾನ) ಅಂತ ಚೀಟಿ ಅಂಟಿಸಿದ ಅಗ್ಗದ ಮಾನಿಟರ್ ಅದರ ಹತ್ತಿರ ಸುಳಿಯುವುದಿಲ್ಲ. ಒಂದೊಂದು ಚುಕ್ಕೆಯೂ ತಾನೇ ಬೆಳಗುವ ಓಎಲ್‌ಇಡಿ ಟಿವಿಯಾದರೆ ಟಾಸ್ಕ್‌ಬಾರ್ ತಾನೇ ಮರೆಯಾಗುವ ಹಾಗೆ ಇಡಿ. ದಿನವಿಡೀ ಒಂದೇ ಜಾಗದಲ್ಲಿ ನಿಂತ ಚಿತ್ರ ಅದರ ಮೇಲೆ ಕಲೆಯಾಗಿ ಉಳಿಯಬಹುದು.

ಮೇಜು, ಕುರ್ಚಿ, ಮೌಸ್, ಗುರಿ ಇಟ್ಟು ಹೊಡೆಯುವ ಆಟ, ಜೊತೆಗೆ ಓದು: ಇದು ನಿಮ್ಮ ಮನೆಯ ಚಿತ್ರವಾದರೆ ಎರಡನೇ ಯೋಚನೆ ಮಾಡದೆ ಮಾನಿಟರ್ ತನ್ನಿ, 24 ಇಂಚಿನದು ಸಾಕು. ಕೈಯಲ್ಲಿ ಸ್ವಲ್ಪ ಹೆಚ್ಚಿದ್ದರೆ 27 ಇಂಚಿನ 2560 ಅಡ್ಡ 1440ರದ್ದು. ಸ್ಪೀಕರ್ ಬೇರೆ ತರಬೇಕಾದೀತು, ಮಾನಿಟರಿನಲ್ಲಿ ಅದು ಇರುವುದಿಲ್ಲ, ಇದ್ದರೂ ಸಾಲುವುದಿಲ್ಲ.

ಇನ್ನೂ ಮನಸ್ಸು ಹೊಯ್ದಾಡುತ್ತಿದ್ದರೆ ಕಂಪ್ಯೂಟರ್ ಮಾತ್ರ ತನ್ನಿ, ಪರದೆಯ ದುಡ್ಡನ್ನು ಒಂದು ತಿಂಗಳು ಕೈಯಲ್ಲೇ ಇಟ್ಟುಕೊಳ್ಳಿ. ಮನೆಯ ಟಿವಿಗೆ ಹಚ್ಚಿ, ಗೇಮ್ ಮೋಡ್ ಹಾಕಿ, ಮಕ್ಕಳು ಎಲ್ಲಿ ಕೂರುತ್ತಾರೆ ನೋಡಿ. ಎರಡನೇ ದಿನಕ್ಕೇ ಕುರ್ಚಿ ಟಿವಿಯ ಹತ್ತಿರ ಸರಿದಿದ್ದರೆ ಉತ್ತರ ಸಿಕ್ಕಿತು, ಮಾನಿಟರೇ ಬೇಕು. ಆಮೇಲೂ ಅನುಮಾನ ಉಳಿದರೆ ಲ್ಯಾಪ್‌ಟಾಪ್ ಪಕ್ಕದಲ್ಲಿಟ್ಟು ಸ್ಟಾಪ್‌ವಾಚಿನ ಫೋಟೋ ತೆಗೆದು ನನಗೆ ಕಳಿಸಿ. ಎರಡೂ ಪರದೆಯ ಸಂಖ್ಯೆ ಸರಿಯಾಗಿ ಕಾಣಬೇಕು, ಟ್ಯೂಬ್‌ಲೈಟಿನ ಬೆಳಕು ಮೇಲೆ ಬೀಳದ ಹಾಗೆ ತೆಗೆಯಿರಿ.